ಅಕ್ಕಾರ ಪೆನ್‌ಡ್ರೈವ್

“ಅಕ್ಕಾರ, ಕಂಪ್ಯೂಟರ್‌ನಾಗ ಏನೋ ಇಂಗ್ಲಿಷ್ ಬಂದೈತಿ. ಜರಾ ಓದಿ ಹೇಳ್ರಿ.”

ಮಂಗಳವಾರ ಬೆಳಿಗ್ಗೆ ಶಮೀಮ್ ಫೋನ್ ಮಾಡಿದಾಗ ಒಗ್ಗರಣೆಗೆ ಸಾಸಿವೆ ಹಾಕಿದ್ದೆ. ಒಲೆ ಆರಿಸಿ ಓಡಿದೆ. ಕೂಡ್ಲಿಗಿಯ ನಮ್ಮ ಓಣಿಯಲ್ಲಿ ಕೊನೆಯ ಮನೆ ಅವಳದು. ಕಂಪ್ಯೂಟರ್ ಕಸೂತಿ ಮಷೀನ್ ಇಟ್ಟುಕೊಂಡು ಬ್ಲೌಸಿಗೆ ಡಿಸೈನ್ ಹಾಕಿಕೊಡುತ್ತಾಳೆ. (ನನ್ನ ಕಾನ್ವೆಂಟ್ ಇಂಗ್ಲಿಷ್ ಇಡೀ ಓಣಿಗೆ ಸೇರಿದ್ದು. ಬ್ಯಾಂಕಿನ ಪತ್ರ, ಡಾಕ್ಟರ ಚೀಟಿ ಎಲ್ಲ ನನ್ನ ಹತ್ತಿರವೇ ಬರುತ್ತವೆ.)

ಓದಿದೆ. ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ದುಡ್ಡು ಕೊಟ್ಟರೆ ಕೀಲಿ ಕೊಡುತ್ತೇವೆ. ಕೊನೆಗೆ ‘ಥ್ಯಾಂಕ್ ಯು’ ಬೇರೆ! ಕಳ್ಳರಿಗೆ ಎಂಥ ಮರ್ಯಾದೆ ನೋಡಿ.

“ಅಂದ್ರ ನಮ್ಮವರ ಡಿಸೈನು?” ಎಂದಳು.

ನಮ್ಮವರು ಅಂದರೆ ಸಾದಿಕ್, ಅವಳ ಗಂಡ. ತೀರಿಕೊಂಡು ಎರಡು ವರ್ಷ. ನವಿಲು, ಮಾವಿನಕಾಯಿ ಎಲ್ಲರೂ ಹಾಕುತ್ತಾರೆ. ಸಾದಿಕ್ ಹೊಲಕ್ಕೆ ಹೋಗಿ, ಶೇಂಗಾ ಹೂ ನೋಡಿಕೊಂಡು ಬಂದು ಮೌಸಿನಲ್ಲಿ ಬಿಡಿಸಿದವರು. ಅವೆಲ್ಲ ಆ ಕಂಪ್ಯೂಟರಿನಲ್ಲೇ ಇದ್ದವು. ಕಾಪಿ ಇದ್ದ ಹಾರ್ಡ್‌ಡಿಸ್ಕನ್ನೂ ಶಮೀಮ್ ಅದಕ್ಕೇ ಸಿಕ್ಕಿಸಿಟ್ಟಿದ್ದಳು, ಎಲ್ಲೂ ಕಳೆದುಹೋಗಬಾರದು ಅಂತ. ಅದಕ್ಕೂ ಬೀಗ ಬಿದ್ದಿತ್ತು.

ಕಂಪ್ಯೂಟರ್ ರಿಪೇರಿ ಮಾಡುವ ಬಾಷಾ ಭಾಯ್ ಬಂದು ನೋಡಿದರು. “ಕೀಲಿ ಇಲ್ದ ತೆಗಿಯಾಕ ಬರಂಗಿಲ್ಲಮ್ಮ. ರೊಕ್ಕ ಕೊಟ್ರೂ ಕೊಡ್ತಾರಂತ ಏನು ಗ್ಯಾರಂಟಿ?” ಎಂದರು. ಆಮೇಲೆ ಕೇಳಿದರು, “ಯಾರದರ ಪೆನ್‌ಡ್ರೈವ್ ಹಾಕಿದ್ದೇನು?”

ಹಿಂದಿನ ಸಂಜೆ ನಾನೇ ಕೊಟ್ಟಿದ್ದೆ. ಇಂಟರ್ನೆಟ್ಟಿನಲ್ಲಿ ‘ಫ್ರೀ’ ಅಂತ ಸಿಕ್ಕ ಡಿಸೈನ್‌ಗಳನ್ನು ತುಂಬಿಕೊಂಡು. (ಫ್ರೀ ಅಂದರೆ ನಮಗೆ ಯಾಕೆ ಅಷ್ಟು ಆಸೆ?)

ಶಮೀಮ್ ನನ್ನ ಕಡೆ ನೋಡಲೇ ಇಲ್ಲ. “ನೆನಪಿಲ್ಲ ಭಾಯ್. ಗಿರಾಕಿ ದಿನಾ ತರ್ತಾರ” ಎಂದಳು.

ನಾನು? ಸುಮ್ಮನಿದ್ದೆ.

ಅವರು ಹೋದ ಮೇಲೆ ಮೆಲ್ಲಗೆ ಕೇಳಿದೆ, “ವೈರಸ್ ಐತೇನಂತ ಸ್ಕ್ಯಾನ್ ಮಾಡ್ಲಿಲ್ಲೇನ?”

“ನಮ್ಮವರು ಸ್ವಂತ ಅಣ್ಣ ತಂದ್ರೂ ಸ್ಕ್ಯಾನ್ ಮಾಡ್ತಿದ್ರು ಅಕ್ಕಾರ. ಮಂದಿ ಏನು ಅನ್ಕೋತಾರ ಅಂತ ನಾನು ಜಗಳಾಡ್ತಿದ್ದೆ. ನಿನ್ನೆನೂ ಕಂಪ್ಯೂಟರ್ ಕೇಳ್ತು, ಸ್ಕ್ಯಾನ್ ಮಾಡ್ಲಾ ಅಂತ. ನೀವು ಎದುರಿಗೇ ಕುಂತಿದ್ರಿ. ನಿಮ್ಮದನ್ನ ಹೆಂಗ ಪರೀಕ್ಷೆ ಮಾಡ್ಲಿ?”

ಹೌದಲ್ಲ. ಪಕ್ಕದ ಮನೆಯಿಂದ ಹೆಪ್ಪಿಗೆ ಮೊಸರು ತಂದರೆ ಅವರೆದುರಿಗೇ ಮೂಸಿ ನೋಡುತ್ತೇವೆಯೆ?

ಸಂಜೆ ನನ್ನ ಹಳೆಯ ಬ್ಲೌಸ್ ಒಯ್ದುಕೊಟ್ಟೆ. ತೋಳಿನ ಅಂಚಿಗೆ ಸಾದಿಕ್ ಅವರ ಶೇಂಗಾ ಹೂ. ಶಮೀಮ್ ಅದನ್ನು ತಿರುವಿ ಒಳಗಿನ ದಾರ ನೋಡಿದಳು. ಬೆರಳಿನಿಂದ ಒಂದೊಂದೇ ಹೂ ಮುಟ್ಟುತ್ತ ಹೋದಳು. ಬಹಳ ಇರಲಿಲ್ಲ, ಬೇಗ ಮುಗಿದವು.

ಹೊರಟಾಗ ಬಾಗಿಲವರೆಗೂ ಬಂದಳು. “ಅಕ್ಕಾರ, ಅದು ನಿಮ್ಮದಂತ ಯಾರ ಮುಂದೂ ಅನ್ನಬ್ಯಾಡ್ರಿ. ಮಂದಿ ಬಾಯಿ ಚಲೋ ಇಲ್ಲ.”

ಗಂಡನನ್ನು ಎರಡನೇ ಸಲ ಕಳೆದುಕೊಂಡ ದಿನವೂ ಅವಳು ನನ್ನ ಮರ್ಯಾದೆ ಕಾಯುತ್ತಿದ್ದಳು.

ನಮ್ಮ ಓಣಿಯವರೂ ನನ್ನ ಈ ಅಂಕಣ ಓದುತ್ತಾರೆ. ಬಾಷಾ ಭಾಯ್, ಆ ಪೆನ್‌ಡ್ರೈವ್ ನನ್ನದು.