ನಿಂಗಕ್ಕನ ಹಳದಿ

ಶ್ರೀರಾಂಪುರದಲ್ಲಿ ಜನ ನನ್ನ ಬೆನ್ನ ಹಿಂದೆ ಏನು ಆಡಿಕೊಳ್ಳುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಸೊಸೈಟಿಯಲ್ಲಿ ಗುಮಾಸ್ತ, ಮನೆಯಲ್ಲಿ ಲಿಂಗಪೂಜೆ, ಭಾನುವಾರ ಬಂತೆಂದರೆ ಮಾರಿಕಣಿವೆ ಹಿನ್ನೀರಿಗೆ ಹೋಗಿ ಮೀನು ಹಿಡಿಯುವುದು, ಹಿಡಿದದ್ದನ್ನು ಮತ್ತೆ ನೀರಿಗೇ ಬಿಟ್ಟು ಬರುವುದು. ತಿನ್ನದವನಿಗೆ ಮೀನಿನ ಉಸಾಬರಿ ಯಾಕೆ ಎಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿ ಸುಮ್ಮನಾಗಿದ್ದೇನೆ. ನಾನು ಗಾಳಕ್ಕೆ ಎರೆಹುಳು ಚುಚ್ಚುವವನಲ್ಲ. ಸಣ್ಣ ಗಾಳದ ಮೇಲೆ ಹುಂಜದ ಪುಕ್ಕ, ಕುರಿಯ ಉಣ್ಣೆ ಸುತ್ತಿ, ನೀರಿಗೆ ಬಿದ್ದ ಹುಳದಂತೆ ಕಾಣುವ ಹಾಗೆ ಕಟ್ಟುತ್ತೇನೆ. ನನ್ನಂಥ ಹುಚ್ಚರು ದೇಶದಲ್ಲಿ ಇನ್ನೂ ಇದ್ದಾರೆ, ಅವರಿಗೂ ಕಟ್ಟಿ ಕಳಿಸುತ್ತೇನೆ. ಆದರೆ ನಾನು ಹೇಳಹೊರಟಿರುವುದು ನನ್ನ ಕಥೆಯಲ್ಲ, ಆ ಪುಕ್ಕಗಳಿಗೆ ಬಣ್ಣ ಹಾಕುವ ನಿಂಗಕ್ಕನದು.

ನಿಂಗಕ್ಕ ನಮ್ಮ ಮನೆಯಿಂದ ಮೂರನೇ ಮನೆಯವಳು. ಅರವತ್ತು ದಾಟಿದ್ದಾಳೆ. ಕುರಿಯ ಹಿಂದೆ ಅಲೆದು, ಉಣ್ಣೆ ನೂತು, ಕಂಬಳಿಗೆ ಬಣ್ಣ ಕಟ್ಟಿ ಬೆಳೆದ ಕೈ ಅದು. ಎಂಟು ವರ್ಷದ ಕೆಳಗೆ ನಾನು ಹಿತ್ತಲಲ್ಲಿ ಒಲೆ ಹೂಡಿ, ಅಂಗಡಿಯಿಂದ ತಂದ ಬಣ್ಣದ ಪುಡಿಯಲ್ಲಿ ಬಿಳಿ ಪುಕ್ಕ ಕುದಿಸುತ್ತಿದ್ದಾಗ ಉಣ್ಣೆ ಕೊಡಲು ಬಂದಳು. ಪಾತ್ರೆಯೊಳಗೆ ಇಣುಕಿ ನೋಡಿ, ಕೋಳಿ ಬೇಯಿಸುತ್ತಿದ್ದೀಯೋ ಬಣ್ಣ ಹಾಕುತ್ತಿದ್ದೀಯೋ ಎಂದು ಕೇಳಿದಳು. ಪುಕ್ಕಕ್ಕೆ ಜಿಡ್ಡಿರುತ್ತದೆ, ಅದು ಹೋಗದೆ ಬಣ್ಣ ಹಿಡಿಯುವುದಿಲ್ಲ ಎಂಬುದು ನನಗೆ ತಿಳಿದೇ ಇರಲಿಲ್ಲ.

ಮರುದಿನ ಅವಳೇ ಕೂತು ತೋರಿಸಿದಳು. ಅಂಟುವಾಳದ ನೊರೆಯಲ್ಲಿ ಪುಕ್ಕ ತೊಳೆದು, ಪಟಿಕದ ನೀರಿನಲ್ಲಿ ನೆನೆಸಿ, ಆಮೇಲೆ ದಾಳಿಂಬೆ ಸಿಪ್ಪೆಯ ಕಷಾಯಕ್ಕೆ ಹಾಕಿದಳು. ಹೊಸದುರ್ಗ, ಹಿರಿಯೂರಿನ ತೋಟಗಳಲ್ಲಿ ಬಿರಿದು ಬಿದ್ದ ಕಾಯಿಗೇನೂ ಬರವಿಲ್ಲ. ನೀರು ಬಿಸಿಯಾಗಬೇಕು, ಕುದಿಯಬಾರದು. ಗಡಿಯಾರವಿಲ್ಲ, ಅಳತೆಯಿಲ್ಲ, ಆಗಾಗ ಒಂದು ಪುಕ್ಕ ಎತ್ತಿ ಬೆರಳಲ್ಲಿ ಹಿಂಡಿ ನೋಡುವುದು, ಅಷ್ಟೆ. ಹೊರಬಂದದ್ದು ಬೆಣ್ಣೆಗಿಂತ ತುಸು ಗಾಢವಾದ ಹಳದಿ. ಬಿಸಿಲಿಗೂ ಜಗ್ಗಲಿಲ್ಲ, ನೀರಿಗೂ ಜಗ್ಗಲಿಲ್ಲ. ಹಿಮಾಚಲದ ಗಿರಾಕಿಯೊಬ್ಬ ಆ ಹಳದಿಯೇ ಬೇಕೆಂದು ಪತ್ರ ಬರೆದಾಗ ಓದಿ ಹೇಳಿದೆ. ಬೇಕಲ್ಲದೆ ಮತ್ತೇನು ಎಂದು ಅವಳು ಎಲೆ ಅಡಿಕೆ ಹಾಕಿಕೊಂಡಳು. ಹೊಗಳಿಕೆಗೆ ಹಿಗ್ಗುವ ಹೆಂಗಸೇ ಅಲ್ಲ, ತನ್ನ ಕೆಲಸದ ಬೆಲೆ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಹೋದ ವರ್ಷ ಯುಗಾದಿ ಕಳೆದ ಮೇಲೆ ಅವಳು ತಂದುಕೊಟ್ಟ ಪೊಟ್ಟಣ ಬಿಚ್ಚಿದರೆ ಪುಕ್ಕವೆಲ್ಲ ಕಡು ಹಳದಿ, ಅರಿಶಿನದ ಕೊಂಬು ತೇಯ್ದ ಹಾಗೆ. ಮುಂದಿನ ಪೊಟ್ಟಣ ಇನ್ನೂ ಕಡು. ಎಷ್ಟು ಹೊತ್ತು ಬಿಟ್ಟರೂ ಈಚೆಗೆ ಪುಕ್ಕ ಬಣ್ಣವನ್ನೇ ಕುಡಿಯುವುದಿಲ್ಲ, ಬಿಳಿಯಾಗೇ ಇರುತ್ತದೆ ಎಂದು ಅವಳು ಹುಂಜಗಳನ್ನು ಬೈದಳು. ನಾನು ಹೇಳಬೇಕಿತ್ತು. ಹೇಳಲಿಲ್ಲ. ವಯಸ್ಸಾದವಳ ಮನಸ್ಸು ಯಾಕೆ ನೋಯಿಸಬೇಕು ಎಂದುಕೊಂಡು ಚೆನ್ನಾಗಿದೆಯಕ್ಕ ಎಂದೆ. ಆ ಪೊಟ್ಟಣಗಳನ್ನು ಟ್ರಂಕಿಗೆ ಹಾಕಿ, ನಾನೇ ಕದ್ದುಮುಚ್ಚಿ ಅಂಗಡಿ ಪುಡಿಯಲ್ಲಿ ಹಳದಿ ಹಾಕಿ ಗಿರಾಕಿಗೆ ಕಳಿಸಿದೆ. ನನ್ನದು ಹೋಯಿತೇ ಎಂದು ಅವಳು ಪ್ರತಿಸಲ ಕೇಳುತ್ತಿದ್ದಳು, ಹೋಯಿತು ಎಂದು ನಾನು ಪ್ರತಿಸಲ ಸುಳ್ಳು ಹೇಳುತ್ತಿದ್ದೆ. ನಾಚಿಕೆಗೇಡು ಎಂದರೆ, ದೊಡ್ಡ ಉಪಕಾರ ಮಾಡುತ್ತಿದ್ದೇನೆಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು. ಹೀಗೇ ವರ್ಷ ತುಂಬುತ್ತ ಬಂತು. ಟ್ರಂಕಿನಲ್ಲಿ ಹನ್ನೊಂದು ಪೊಟ್ಟಣ ಸೇರಿದವು.

ಈ ಮಾಘದಲ್ಲಿ ಹಿರಿಯೂರಿಗೆ ಹೊರಟವಳು ಬಸ್ಸಿನ ಬೋರ್ಡು ಕಾಣದೆ ಹೊಳಲ್ಕೆರೆಗೆ ಹೋಗಿ ಇಳಿದಳು. ಬೈಸಿಕೊಂಡವನು ಕಂಡಕ್ಟರು. ಸೊಸೆ ರೋಜಾಗೆ ಮಾತ್ರ ಅನುಮಾನ ಬಂದು, ದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಲು ಬಲಗಣ್ಣಿನದು ತೆಗೆದರು.

ಹದಿನೈದು ದಿನ ಬಿಟ್ಟು ನಿಂಗಕ್ಕ ಕಪ್ಪು ಕನ್ನಡಕ ಹಾಕಿಕೊಂಡು ನಮ್ಮ ಪಡಸಾಲೆಗೆ ಬಂದಳು. ನಾನು ಹುಳ ಕಟ್ಟುತ್ತಿದ್ದೆ. ಕನ್ನಡಕ ತೆಗೆದು ಮೇಜಿನ ಮೇಲಿದ್ದ ಹಳದಿ ಪುಕ್ಕ ಎತ್ತಿಕೊಂಡಳು, ಇದು ನನ್ನ ಕೈಯದಲ್ಲ ಎಂದಳು. ನನ್ನದೆಲ್ಲಿ ಎಂದು ಕೇಳಿದಳು. ನನ್ನ ಬಾಯಿ ಸುಳ್ಳು ಹುಡುಕುತ್ತಿದ್ದರೂ ಕಣ್ಣು ಟ್ರಂಕಿನ ಕಡೆ ಹೋಯಿತು. ಅವಳೇ ಹೋಗಿ ಮುಚ್ಚಳ ತೆಗೆದು ಹನ್ನೊಂದೂ ಪೊಟ್ಟಣ ಬಿಚ್ಚಿ ಚಾಪೆಯ ಮೇಲೆ ಹರಡಿದಳು. ತನ್ನ ಕೈಯ ಕೆಲಸ ಹೇಗೆ ಕೆಟ್ಟಿದೆ ಎಂದು ಬಹಳ ಹೊತ್ತು ನೋಡಿದಳು. ಅಳುತ್ತಾಳೆಂದು ಹೆದರಿದೆ. ಅವಳು ಅಳಲಿಲ್ಲ.

"ಕಣ್ಣು ಹೋಗಿದ್ದು ನಂದು ಕಲ್ಲೇಶ, ನಿಂದು ನೆಟ್ಟಗಿತ್ತಲ್ಲ. ಯಾಕೆ ಹೇಳ್ಲಿಲ್ಲ?"

"ಬೇಜಾರ್ ಮಾಡ್ಕಂತಿ ಅಂತ, ಅಕ್ಕ."

"ಬೇಜಾರಾಗ್ತಿತ್ತು. ಎರಡು ದಿನ ನಿನ್ನ ಮಾತಾಡಿಸ್ತಿರ್ಲಿಲ್ಲ. ಮೂರ್ನೇ ದಿನಕ್ಕೆ ಹೋಗಿ ಕಣ್ಣು ತೋರಿಸ್ಕಂತಿದ್ದೆ. ಒಂದು ವರ್ಷ ನನ್ನ ಮಬ್ಬಿನಾಗೆ ಕೂರಿಸಿದಿ."

ಪುಕ್ಕಕ್ಕೆ ಬಣ್ಣ ಹೆಚ್ಚಾದದ್ದಷ್ಟೇ ನನಗೆ ಕಂಡಿತ್ತು, ಅದು ಯಾಕೆ ಹೆಚ್ಚಾಯಿತು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಪೊರೆ ಬಂದ ಕಣ್ಣಿಗೆ ಹಳದಿ ಬಿಳಿಯಂತೆ ಕಂಡು, ಅವಳು ಪುಕ್ಕವನ್ನು ಕಷಾಯದಲ್ಲೇ ಬಿಟ್ಟಿರುತ್ತಿದ್ದಳು.

ನಿಂಗಕ್ಕ ಎದ್ದು ಹೋದಳು. ಇನ್ನು ಬರುವುದಿಲ್ಲ ಎಂದುಕೊಂಡೆ. ಸುಮಾರು ದಿನದ ಮೇಲೆ ಒಂದು ಬೆಳಗ್ಗೆ ಮಡಕೆ ಹಿಡಿದುಕೊಂಡು ಬಂದಳು. ಬೆಲ್ಲದ ನೀರಿನಲ್ಲಿ ತುಕ್ಕು ಮೊಳೆ ಕೊಳೆಹಾಕಿದ ಕಪ್ಪು ನೀರು ಅದರಲ್ಲಿತ್ತು. ಕಡು ಹಳದಿಗೆ ಇದು ಒಂದಿಷ್ಟು ಬಿದ್ದರೆ ಕೆರೆಯ ಪಾಚಿಯ ಹಸಿರು ಬರುತ್ತದೆ, ತೆಳು ಹಳದಿಗಾದರೆ ಬೂದಿ ಬಣ್ಣ, ಆದ್ದರಿಂದ ಒಂದು ಪುಕ್ಕವನ್ನೂ ಎಸೆಯಬೇಕಿಲ್ಲ ಎಂದಳು. ಪಾಚಿ ಬಣ್ಣದ ಹುಳಕ್ಕೆ ನನ್ನ ಗಿರಾಕಿಗಳು ಪ್ರಾಣ ಬಿಡುತ್ತಾರೆ. ಹೊಗೆಯ ಹತ್ತಿರ ಹೋಗಬೇಡವೆಂದು ಡಾಕ್ಟರು ಹೇಳಿದ್ದರಿಂದ ಅವಳು ದೂರದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಹೇಳುತ್ತಿದ್ದಳು, ಒಲೆಯ ಮುಂದೆ ನಾನು ಮಾಡುತ್ತಿದ್ದೆ. ಮೊದಲ ಪೊಟ್ಟಣಕ್ಕೆ ಒಂದು ಚಮಚ ಹಾಕಿಸಿದಳು. ಸ್ವಲ್ಪ ಹೊತ್ತಿಗೆ, ಒಂದು ಪುಕ್ಕ ತೆಗೆದು ನೋಡು, ಹೆಂಗೈತೆ ಹೇಳು ಎಂದಳು.

ಚೆನ್ನಾಗಿದೆ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ.

"ಮಂಕಾಗೈತೆ ಅಕ್ಕ. ಕಪ್ಪು ನೀರು ಜಾಸ್ತಿ ಆಯ್ತು."

ಅವಳು ಪುಕ್ಕ ಈಸಿಕೊಂಡು ಬಿಸಿಲಿಗೆ ಹಿಡಿದಳು. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದಳು. ಹೌದು, ತಪ್ಪು ತನ್ನದೇ, ಮುಂದಿನದಕ್ಕೆ ಅರ್ಧ ಚಮಚ ಸಾಕು ಎಂದು ಒಪ್ಪಿಕೊಂಡಳು. ಉಳಿದ ಹತ್ತು ಪೊಟ್ಟಣವೂ ಅಂದುಕೊಂಡಂತೆ ಬಂದವು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು ನನ್ನ ಕಡೆ ತಿರುಗಿದಳು.

"ಬರೋ ತಿಂಗ್ಳು ಎಡಗಣ್ಣಿಗೆ ಹೋಗ್ಬೇಕು. ರೋಜಾ ಬ್ಯಾಡ, ಅವಳು ನನ್ನ ಸಮಾಧಾನಕ್ಕೆ ಏನಾದ್ರೂ ಹೇಳ್ತಾಳೆ. ನೀನು ಬಾ. ಡಾಕ್ಟ್ರು ಅಂದಿದ್ದನ್ನ ಇದ್ದದ್ದು ಇದ್ದಂಗೆ ನಂಗೆ ಹೇಳು."