ಕೆನ್ನೆ ಮುಚ್ಚಿದ ಸುಳಿ

ಬಿಳಿಗೆರೆ ಕಡೆಯ ಹೊಲಗಳ ಮೇಲೆ ಮಂಜು ಇನ್ನೂ ಎದ್ದಿಲ್ಲ. ಹುರುಳಿ ಕಿತ್ತ ಹೊಲದ ಅಂಚಿನಲ್ಲಿ ಎದೆಮಟ್ಟದ ಒಂದು ಗುಂಡಿ, ಅದರ ಸುತ್ತ ಮರಳು ಮೂಟೆಗಳ ಗೋಡೆ. ಒಳಗೆ ತಲೆಗೆ ಟವೆಲ್ ಸುತ್ತಿಕೊಂಡ ಕರಿಯಯ್ಯ ಸ್ಪ್ರಿಂಗ್ ಮಿಷನ್ನಿನ ತೋಳನ್ನು ಹಿಂದಕ್ಕೆಳೆದು, ಅದರ ಮೇಲೆ ಕಿತ್ತಳೆ ಬಣ್ಣದ ಬಿಲ್ಲೆಯೊಂದನ್ನು ಇಡುತ್ತಾರೆ. ಹಿಂದಿನಿಂದ "ಬಿಡು!" ಎಂಬ ಕೂಗು ಬರುತ್ತದೆ. ಕರಿಯಯ್ಯ ಹಗ್ಗ ಎಳೆಯುತ್ತಾರೆ. ಬಿಲ್ಲೆ ಸುಯ್ಯೆಂದು ಮೇಲಕ್ಕೆ ಹಾರುತ್ತದೆ. ಢಂ! ಕೋವಿಯೇನೋ ಸದ್ದು ಮಾಡುತ್ತದೆ. ಬಿಲ್ಲೆ ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಹೊಲದಾಚೆ ಹೋಗಿ ಮೆತ್ತಗೆ ಇಳಿಯುತ್ತದೆ.

"ಒಂದು ಉಳೀತು" ಎಂದು ಕರಿಯಯ್ಯ ಗುಂಡಿಯೊಳಗೇ ಮುಸಿಮುಸಿ ನಗುತ್ತಾರೆ.

ಹಾರುವ ಬಿಲ್ಲೆಗೆ ಗುರಿಯಿಟ್ಟು ಹೊಡೆಯುವ ಈ ಆಟದ ಮೈದಾನ ಊರ ಜಮೀನ್ದಾರ ಚಿಕ್ಕಬಸಪ್ಪನವರದು. ಪರವಾನಗಿ ಪಡೆದು ತಮ್ಮ ಹೊಲದಲ್ಲೇ ಕ್ಲಬ್ಬು ಕಟ್ಟಿದ್ದಾರೆ. ಭಾನುವಾರ ಬೆಳಗಾದರೆ ಮೈಸೂರಿನಿಂದ ಕಾರುಗಳು ಬರುತ್ತವೆ. ಕಾರಿನಿಂದ ಇಳಿಯುವವರನ್ನು ಎಲ್ಲರೂ ನೋಡುತ್ತಾರೆ. ಬಿಲ್ಲೆ ಹಾರಿಸುವವನನ್ನು ನೋಡಲು ಗುಂಡಿಯೊಳಗೇ ಇಣುಕಬೇಕು. ಆಟ ನೋಡಲು ಬಂದ ನಾನು ಇಣುಕಿದೆ, ಆತ ಮೊದಲು ಕೊಟ್ಟದ್ದು ಒಂದು ಎಲೆಅಡಿಕೆ.

ಸುತ್ತು ಮುಗಿದು ಎಲ್ಲರೂ ಕೋವಿಗಳನ್ನು ಖಾಲಿ ಮಾಡಿ ಕೀಲಿನಲ್ಲಿ ಮಡಚಿ ಮೇಜಿನ ಮೇಲಿಟ್ಟ ಮೇಲೆ ಕರಿಯಯ್ಯನ ಇನ್ನೊಂದು ಕೆಲಸ ಶುರು. ಮಂಕರಿ ಹಿಡಿದು ಹೊಲಕ್ಕಿಳಿದು, ಒಡೆಯದೆ ಬಿದ್ದ ಬಿಲ್ಲೆಗಳನ್ನು ಆರಿಸಿ ತರುವುದು. ಅವು ಮತ್ತೆ ಹಾರುತ್ತವೆ. ಹೊಸಬರು ಬಂದ ದಿನ ಮಂಕರಿ ತುಂಬಿ ತುಳುಕುತ್ತದೆ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿಗೆ ಬರುವವರೂ ಗುರಿ ತಪ್ಪಿದಾಗಲೆಲ್ಲ ಕೋವಿಯನ್ನೇ ಬೈಯುತ್ತಾರೆ, ಮುಂದಿನ ತಿಂಗಳು ಅದಕ್ಕಿಂತ ದುಬಾರಿಯದನ್ನು ತರುತ್ತಾರೆ.

"ಕೋವಿ ಬದಲಾಯ್ತದೆ ಸಾ, ಮಂಕ್ರಿ ಮಾತ್ರ ಅಷ್ಟೇ ತುಂಬ್ತದೆ" ಎನ್ನುತ್ತಾರೆ ಕರಿಯಯ್ಯ.

ಅವರ ಊರು ಹೆಮ್ಮರಗಾಲ. ಇಲ್ಲಿಗೆ ಬರುವ ಮುಂಚೆ ದನದ ವ್ಯಾಪಾರದಲ್ಲಿ ದಳ್ಳಾಳಿ. ಮುಡುಕುತೊರೆ ಪರಿಷೆಯಲ್ಲಿ ಟವೆಲ್ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದವರು. ಎತ್ತಿನ ಹಲ್ಲು, ಗೊರಸು, ನಡಿಗೆ ಎಲ್ಲ ನೋಡಿದ ಮೇಲೂ ರೈತ ಕೊನೆಗೆ ನೋಡುವುದು ಸುಳಿ. ಮೈಮೇಲೆ ಕೂದಲು ಸುತ್ತಿಕೊಂಡ ಗುರುತು ಮನೆಗೆ ಆಗದ ಜಾಗದಲ್ಲಿದ್ದರೆ ಎಂಥ ಎತ್ತಾದರೂ ಬೇಡ. ಅಂಥ ಸುಳಿ ಹೆಗಲ ಮೇಲಿದ್ದರೆ ಕರಿಯಯ್ಯನ ಬಳಿ ಒಂದು ಮಾತು ಸಿದ್ಧವಾಗಿರುತ್ತಿತ್ತು: "ನೊಗ ಬಿದ್ದ ಮ್ಯಾಲೆ ಸುಳಿ ಯಾರಿಗ್ಲಾ ಕಾಣ್ತದೆ? ಒಡ್ಕಂಡೋಗು!" ಈ ಒಂದು ಮಾತಿನಿಂದ ಎಷ್ಟು ಜೋಡಿ ಎತ್ತು ಮಾರಾಟವಾದವೋ ಲೆಕ್ಕವಿಟ್ಟವರಿಲ್ಲ. ಟ್ರ್ಯಾಕ್ಟರು ಬಂತು, ಎತ್ತು ಕೇಳುವವರು ಕಡಿಮೆಯಾದರು. ಸೊಂಟವೂ ಕೈಕೊಟ್ಟು ಆರು ತಿಂಗಳು ಮಲಗಿದರು. ಎದ್ದಾಗ ಸಿಕ್ಕಿದ್ದು ಈ ಗುಂಡಿ. "ಕೂತ್ಕಂಡು ಮಾಡೋ ಕೆಲ್ಸ ಸಾ, ನನ್ ಸೊಂಟಕ್ಕೆ ಅಂತ್ಲೇ ಮಾಡ್ದಂಗದೆ."

ಮಗಳು ಯಶೋಧರಾ ನಂಜನಗೂಡಿನ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಸೂಪರ್‌ವೈಸರ್. ಕಾಲೇಜಿನ ಎನ್‌ಸಿಸಿಯಲ್ಲಿ ರೈಫಲ್ ಹಿಡಿದವಳು. ಒಂದು ಭಾನುವಾರ ಅಪ್ಪನಿಗೆ ತಿಂಡಿ ತಂದಾಗ ಚಿಕ್ಕಬಸಪ್ಪ, "ಬಾರವ್ವ, ನೀನೂ ಒಂದು ಕೈ ನೋಡು" ಎಂದು ಕ್ಲಬ್ಬಿನ ಕೋವಿ ಕೊಟ್ಟರು. ಅಲ್ಲಿಂದ ಹುಚ್ಚು ಹಿಡಿಯಿತು. ಆದರೆ ಆ ಕೋವಿ ಆಜಾನುಬಾಹುಗಳಿಗೆ ಮಾಡಿದ್ದು. ಅದರ ಮರದ ಹಿಡಿ ಯಶೋಧರಾಳ ತೋಳಿಗೆ ಉದ್ದ. ಭುಜಕ್ಕೆ ಸರಿಯಾಗಿ ಕೂರುವುದಿಲ್ಲ, ಪ್ರತಿ ಹೊಡೆತಕ್ಕೂ ಒದೆಯುತ್ತದೆ, ಸೋಮವಾರ ತೋಳು ನೀಲಿಗಟ್ಟಿರುತ್ತದೆ. ಈಕೆಯ ಪಾಲಿಗೆ ನೆಲ ನಿಜವಾಗಿಯೂ ಡೊಂಕಾಗಿತ್ತು.

ಅವಳಿಗೆ ಅವಳದೇ ಕೋವಿ ಬೇಕಿತ್ತು. ಅಲೆದಾಡಿದ ಮೇಲೆ ಪರವಾನಗಿಯೂ ಬಂತು. ಗಡುವಿನೊಳಗೆ ಕೋವಿ ಕೊಂಡು ಪರವಾನಗಿಯಲ್ಲಿ ನಮೂದಿಸದಿದ್ದರೆ ಮತ್ತೆ ಮೊದಲಿನಿಂದ ಅಲೆಯಬೇಕು. ಅಂಗಡಿಗೆ ಹೋದರೆ, ಮೇಲೊಂದು ಕೆಳಗೊಂದು ನಳಿಗೆಯ ವಿದೇಶಿ ಕೋವಿಗಳ ಬೆಲೆಗೆ ಕಾರೇ ಬರುತ್ತದೆ. ಸಂಬಳಕ್ಕೆ ಎಟುಕುವುದು ಅಕ್ಕಪಕ್ಕ ಎರಡು ನಳಿಗೆಯ ದೇಶಿ ಕೋವಿ, ಅದೂ ಸೆಕೆಂಡ್ ಹ್ಯಾಂಡು. "ಈ ಸಲ ಸಿಗದಿದ್ರೆ ಬಿಟ್ಟೇಬಿಡ್ತೀನಪ್ಪ" ಎಂದಿದ್ದಳು.

ಸಿಕ್ಕಿತು. ತಿ. ನರಸೀಪುರದ ಹೆಮ್ಮಿಗೆಯ ರೈತರೊಬ್ಬರು ಬೆಳೆ ಕಾಯಲು ಇಟ್ಟುಕೊಂಡಿದ್ದ ಜೋಡಿನಳಿಗೆ ಕೋವಿಯನ್ನು ವಯಸ್ಸಾಯಿತೆಂದು ಮೈಸೂರಿನ ಅಂಗಡಿಗೆ ಒಪ್ಪಿಸಿದ್ದರು. ಆ ರೈತರು ಗಿಡ್ಡ ಆಳು, ಹಿಡಿಯನ್ನು ಕೊಯ್ಯಿಸಿ ಚಿಕ್ಕದು ಮಾಡಿಸಿಕೊಂಡಿದ್ದರು. ಹಾಗಾಗಿ ಅದನ್ನು ಯಾರೂ ಮೂಸಿಯೂ ನೋಡಿರಲಿಲ್ಲ. ಯಶೋಧರಾ ಕಣ್ಣು ಮುಚ್ಚಿ ಅದನ್ನು ಭುಜಕ್ಕೇರಿಸಿ ಕೆನ್ನೆ ಒತ್ತಿದಳು, ಕಣ್ಣು ಬಿಟ್ಟಳು. ನಳಿಗೆಯ ತುದಿಯ ಗುರಿಮಣಿ ನೇರ ಕಣ್ಣೆದುರಿಗಿತ್ತು. ಖಾಲಿ ನಳಿಗೆಯನ್ನು ಬೆಳಕಿಗೆ ಹಿಡಿದರೆ ಒಳಗೆಲ್ಲ ಹೊಳಪು. ಅಲುಗಾಡಿಸಿದರೆ ಕೀಲು ಬಿಗಿ. ಜೊತೆಗೆ ಬಂದಿದ್ದ ಕರಿಯಯ್ಯನೂ ಎತ್ತಿನ ಹಲ್ಲು ನೋಡಿದ ಹಾಗೆ ಎಲ್ಲ ನೋಡಿದರು, ತಲೆದೂಗಿದರು. ಆಮೇಲೆ ಹಿಡಿಯನ್ನು ಮಗುಚಿದರು.

ಮರದಲ್ಲಿ ಗಂಟೊಂದರ ಸುತ್ತ ಗೆರೆಗಳು ಸುತ್ತಿಕೊಂಡು ದುಂಡಗೆ ಒಂದು ಸುಳಿ.

"ಇದು ಬ್ಯಾಡ ಕಣವ್ವ" ಎಂದು ಕರಿಯಯ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಅಂಗಡಿಯವರು ನಕ್ಕರು. ಮಗಳು ನಗಲಿಲ್ಲ. ನಂಜನಗೂಡಿನ ಬಸ್ಸಿನಲ್ಲಿ ಅಪ್ಪ ಹಿಂದಿನ ಸೀಟು, ಮಗಳು ಮುಂದಿನ ಸೀಟು.

"ಮನೆ ಮಗಳ ಕೈಗೆ ಕೆಟ್ಟ ಸುಳಿ ಕೊಟ್ಟಾನಾ ಯಾವನಾದ್ರೂ?" ಎಂದು ನನ್ನನ್ನೇ ಕೇಳುತ್ತಾರೆ ಕರಿಯಯ್ಯ, ಈಗಲೂ ಅರ್ಧ ನಂಬಿಕೆಯಿಂದ. ಊರವರ ಮನೆಗೆ ಸುಳಿಯ ಎತ್ತು ದಾಟಿಸುವಾಗ ಇಲ್ಲದ ಭಯ ತನ್ನ ಮಗಳ ವಿಷಯಕ್ಕೆ ಬಂದಾಗ ಬಂದಿತ್ತು. ನನಗೆ ನಗು ಬಂತು, ಪ್ರೀತಿಯೂ ಉಕ್ಕಿತು.

ಮಾರನೆಯ ಬೆಳಗ್ಗೆ ಆತ ರೊಟ್ಟಿ ತಿನ್ನುತ್ತ ಕೂತಿದ್ದಾಗ ಯಶೋಧರಾ ಮೂಲೆಯಲ್ಲಿದ್ದ ಗುದ್ದಲಿ ಕಾವು ತಂದು ಕೋವಿಯಂತೆ ಭುಜಕ್ಕೇರಿಸಿ, ಕೆನ್ನೆ ಒತ್ತಿ ನಿಂತಳಂತೆ.

"ಅಪ್ಪಾ, ಸುಳಿ ಎಲ್ಲಿತ್ತು?"

"ಅಲ್ಲೇ, ನಿನ್ ಕೆನ್ನೆ ತಾವ."

"ಈಗ ಕಾಣ್ತದಾ?"

"ಕೆನ್ನೆ ಅಡ್ಡ ಅದಲ್ಲ, ಎಂಗ್ ಕಂಡಾತು?"

"ಪರಿಷೇಲಿ ನೀನೇ ಏನು ಹೇಳ್ತಿದ್ದೆ? ನೊಗ ಬಿದ್ದ ಮೇಲೆ?"

ಕರಿಯಯ್ಯ ರೊಟ್ಟಿ ಬಿಟ್ಟು ಟವೆಲ್‌ಗೆ ಕೈ ಹಾಕಿದರು. ಒಲೆಯ ಮುಂದಿದ್ದ ಹೆಂಡತಿ ಸಾಕಮ್ಮನಿಗೆ ನಗು ತಡೆಯಲಾಗಲಿಲ್ಲ. "ಊರೋರ್ಗೆಲ್ಲ ಟೋಪಿ ಆಕ್ದೆ, ಈಗ ನಿನ್ ಮಗಳೇ ನಿಂಗಾಕುದ್ಲು ನೋಡು" ಎಂದರು. ಹೊತ್ತೇರುವ ಮುಂಚೆಯೇ ಅಪ್ಪ ಮಗಳು ಮತ್ತೆ ಮೈಸೂರಿನ ಬಸ್ಸು ಹತ್ತಿದರು. ಈ ಸಲ ಒಂದೇ ಸೀಟು. ಗಿಡ್ಡ ಹಿಡಿಯ ಆ ಕೋವಿ ಯಾರಿಗೂ ಬೇಡವಾಗಿ ಅಲ್ಲೇ ಇತ್ತು.

ನಾನು ಹೋಗಿದ್ದ ಭಾನುವಾರವೇ ಆ ಕೋವಿ ಮೊದಲ ಸಲ ಮೈದಾನಕ್ಕೆ ಬಂದ ದಿನ. ಸಾಕಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಕಳಿಸಿದ್ದಾರೆ, ಸುಳಿಯ ಮೇಲೆ ಒಂದು ಬೊಟ್ಟು ಜಾಸ್ತಿಯೇ. ಮೈಸೂರಿನವರ ಸುತ್ತು ಮುಗಿದು, ಅವರು ತಪ್ಪಿಸಿದ ಬಿಲ್ಲೆಗಳನ್ನೆಲ್ಲ ಕರಿಯಯ್ಯ ಆರಿಸಿ ತಂದ ಮೇಲೆ ಯಶೋಧರಾ ಬಂದು ನಿಲ್ಲುತ್ತಾಳೆ. ಮರಳು ಮೂಟೆಗಳ ಹಿಂದೆ ಕರಿಯಯ್ಯನ ಕೈ ಹಗ್ಗದ ಮೇಲಿದೆ.

ಮಗಳು ಬಾಯಿ ತೆರೆಯುವ ಮುಂಚೆಯೇ ಬಿಲ್ಲೆ ಹಾರಿಬಿಡುತ್ತದೆ. ಅದು ಯಾರ ಹಂಗೂ ಇಲ್ಲದೆ ಹೊಲಕ್ಕಿಳಿಯುತ್ತದೆ.

"ಅಪ್ಪಾ! ನಾನಿನ್ನೂ ಕೂಗೇ ಇಲ್ಲ!"

"ಕೂಗ್ದಂಗಾಯ್ತು ಕಣವ್ವ!"

ಚಿಕ್ಕಬಸಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಯಶೋಧರಾ ಮತ್ತೆ ಕೆನ್ನೆ ಒತ್ತುತ್ತಾಳೆ. ಈಗ "ಬಿಡು!" ಎಂಬ ಕೂಗು ಸ್ಪಷ್ಟವಾಗಿ ಬರುತ್ತದೆ. ಢಂ! ಬಿಲ್ಲೆ ಗಾಳಿಯಲ್ಲೇ ಪುಡಿಯಾಗಿ ಕಿತ್ತಳೆ ಚೂರುಗಳು ಉದುರುತ್ತವೆ. ಮತ್ತೊಂದು, ಅದೂ ಪುಡಿ. ಒಂದೊಂದು ಚೂರಾದಾಗಲೂ ಗುಂಡಿಯಿಂದ ಒಂದು ಶಿಳ್ಳೆ ಬರುತ್ತದೆ. ದನದ ಪರಿಷೆಯಲ್ಲಿ ವ್ಯಾಪಾರ ಕುದುರಿದಾಗ ಹೊಡೆಯುತ್ತಿದ್ದ ಶಿಳ್ಳೆಯೇ ಅದು ಎಂದು ಚಿಕ್ಕಬಸಪ್ಪ ನನಗೆ ಹೇಳುತ್ತಾರೆ.

ಕೋವಿ ಮಡಚಿ ಮೇಜು ಸೇರಿದ ಮೇಲೆ ಕರಿಯಯ್ಯ ಎಂದಿನಂತೆ ಮಂಕರಿ ಹಿಡಿದು ಹೊಲಕ್ಕಿಳಿಯುತ್ತಾರೆ. ಈ ತುದಿಯಿಂದ ಆ ತುದಿಗೆ ಬಹಳ ಹೊತ್ತು ಹುಡುಕುತ್ತಾರೆ. ಅಷ್ಟು ಹುಡುಕುವ ಅಗತ್ಯವಿಲ್ಲವೆಂದು ನನಗೂ ಗೊತ್ತು, ಅವರಿಗೂ ಗೊತ್ತು. ವಾಪಸು ಬಂದಾಗ ಮಂಕರಿಯ ತಳದಲ್ಲಿ ಇರುವುದು ಒಂದೇ ಬಿಲ್ಲೆ, ತಾವೇ ಆತುರಕ್ಕೆ ಹಾರಿಸಿದ್ದು.

"ನಿಮಗೇನು ಆಸೆ ಕರಿಯಯ್ಯ?" ಎಂದು ಕೇಳುತ್ತೇನೆ.

ಮಂಕರಿಯನ್ನು ನನ್ನ ಮುಂದೆ ಓರೆ ಮಾಡಿ ತೋರಿಸುತ್ತಾರೆ. ಕಣ್ಣು ಒದ್ದೆ, ಬಾಯಿ ತುಂಬ ನಗು.

"ನಂಗೇನಾಸೆ ಸಾ? ನನ್ ಮಗಳು ಬಂದ್ ದಿನ ನಂಗೀ ಮಂಕ್ರಿ ಕೆಲ್ಸ ಇರ್ಬಾರ್ದು, ಅಷ್ಟೇಯ."