ಮಂಗಳದ ಬಾಗಿಲಲ್ಲಿ ಗಂಗಾಳ ಕಾಗೆ

ಮುಂಬೈ ಪಕ್ಕದ ಠಾಣೆಯಲ್ಲಿ, ಕೋಪರಿಯ ಹೋಟೆಲಿನ ಯಜ್ಞೇಶ್ವರನಿಗೆ ಸಿಟ್ಟು ಬಂದರೆ ಗ್ಯಾಸ್ ಹಚ್ಚುವುದೇ ಬೇಡ, ಕಾವಲಿ ತಾನಾಗಿ ಕಾಯ್ತದೆ. ಸುಳ್ಳಲ್ಲ, ಆ ದೋಸೆ ತಿಂದವರು ಇನ್ನೂ ಬದುಕಿದ್ದಾರೆ.

ಈಗಿನ ಸಿಟ್ಟು ಮಗ ಅನೀಶನ ಮೇಲೆ. ಮಂಗಳ ಗ್ರಹದಲ್ಲಿ ಮನುಷ್ಯ ಹೇಗೆ ಬದುಕ್ತಾನೆ ಅಂತ ನೋಡ್ಲಿಕ್ಕೆ ಯಾರೋ ಖಾರ್ಘರ್ ಗುಡ್ಡದ ಬುಡದಲ್ಲಿ ಗಾಳಿಯಾಡದ ಮನೆ ಕಟ್ಟಿ, ಆರು ಜನರನ್ನು ಒಂದು ವರ್ಷದ ಮಟ್ಟಿಗೆ ಒಳಗೆ ಹಾಕಿದ್ದಾರೆ. ಅನೀಶ ಅವರಲ್ಲೊಬ್ಬ. ಒಬ್ಬ ಹೊರಗೆ ಬಂದರೂ ಎಲ್ಲರದ್ದೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮೊಬೈಲಿನ ಮಾತೂ ಮಂಗಳದ ಲೆಕ್ಕದಲ್ಲೇ. ಇಲ್ಲಿ ಬೈದದ್ದು ಅಲ್ಲಿ ಮುಟ್ಲಿಕ್ಕೆ ಒಂದು ಒಬ್ಬೆ, ಅಂದರೆ ಒಂದು ಪಾತ್ರೆ ಇಡ್ಲಿ ಬೇಯುವಷ್ಟು ಹೊತ್ತು, ಉತ್ತರಕ್ಕೆ ಇನ್ನೊಂದು ಒಬ್ಬೆ. ಸಿಟ್ಟು ಆರಿದ ಮೇಲೆ ಉತ್ತರ ಬಂದು ಮತ್ತೆ ಹತ್ತಿಸ್ತದೆ.

ಇವತ್ತು ಹೆಂಡತಿ ಗಂಗಾಳ ವರ್ಷಾಂತಿಕ, ತೀರಿಕೊಂಡು ವರ್ಷ. ಮಗ ಇದ್ದೂ ಕಾಗೆಗೆ ಗಂಡನೇ ಅನ್ನ ಇಡಬೇಕಾ? ಠಾಣೆಯಲ್ಲಿ ಪನ್ವೇಲ್ ಲೋಕಲ್ ಹತ್ತಿದರೆ ಸಿಗುವ ಮಂಗಳ ಎಂತ ಮಂಗಳ? ಯಜ್ಞೇಶ್ವರ ಬಾಳೆಲೆಯಲ್ಲಿ ಅನ್ನ ಕಟ್ಟಿಕೊಂಡು ಹೊರಟ. ಮಂಗಳದ ಮನೆಯ ವಾಚ್‌ಮನ್ ಗೇಟಿನಲ್ಲೇ ತಡೆದ. ಯಜ್ಞೇಶ್ವರ ಅಲ್ಲಿಂದಲೇ ಮೊಬೈಲಿಗೆ ಕೂಗಿದ, "ಹೊರಗೆ ಬಂದು ಅಮ್ಮನಿಗೆ ಅನ್ನ ಇಡು. ಇಲ್ಲದಿದ್ರೆ ನೀನು ನನ್ನ ಮಗನೇ ಅಲ್ಲ."

ಕಾಯ್ಲಿಕ್ಕೆ ತಾಳ್ಮೆ ಎಲ್ಲಿ? ಎಲೆ ಬಿಡಿಸಿ ಕಟ್ಟೆ ಮೇಲೆ ಇಟ್ಟೇಬಿಟ್ಟ. ಇಡೀ ನವಿ ಮುಂಬೈಯ ಕಾಗೆ ಬಂತು, ಹೈವೇಯಲ್ಲಿ ಟ್ರಕ್‌ನವರು ಹಗಲಲ್ಲೇ ಲೈಟ್ ಹಾಕಿದರಂತೆ. ಒಂದೂ ಅನ್ನ ಮುಟ್ಟಲಿಲ್ಲ. ಸತ್ತವರ ಆಸೆ ಉಳಿದರೆ ಹಾಗೆಯೇ, ಮಾತು ಕೊಡಬೇಕು. ಹೋಟೆಲಿಗೆ ನಿನ್ನ ಹೆಸರಿಡ್ತೇನೆ ಅಂದ. ನಶ್ಯ ಬಿಡ್ತೇನೆ ಅಂದ. ಕಾಗೆ ಕೊಕ್ಕು ತಿಕ್ಕಿತು. ಯಾವ ಆಸೆ ಅಂತ ಅವನಿಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಗಂಗಾ ಮಗನಿಗೆ ಹೇಳಿದ್ದಳು, ನೀನು ಹೋಗು, ಅಪ್ಪನನ್ನು ನಾನು ಒಪ್ಪಿಸ್ತೇನೆ ಅಂತ. ಒಪ್ಪಿಸುವ ಮೊದಲೇ ತೀರಿಕೊಂಡಳು.

ಯಜ್ಞೇಶ್ವರ ಹಲ್ಲು ಕಚ್ಚಿದ. "ಆಯ್ತು ಮಾರಾಯ್ತಿ. ಅವನು ವರ್ಷ ಮುಗಿಸಿಯೇ ಬರಲಿ."

ಒಂದು ಕಾಗೆ ಇಳಿದು ಅನ್ನಕ್ಕೆ ಬಾಯಿ ಹಾಕಿತು. ಅಷ್ಟರಲ್ಲಿ ಮೊಬೈಲಿಗೆ ಉತ್ತರ ಬಂತು, "ಆಯ್ತಪ್ಪ, ಬಾಗಿಲು ತೆಗೀತೇನೆ."

ಬೇಡ ಅಂತ ಹೇಳಿದರೆ ಮುಟ್ಟುವುದು ಇಡ್ಲಿ ಬೆಂದ ಮೇಲೆ. ಒಳಗೆ ಚಿಲಕದ ಸದ್ದಾಯ್ತು. ಮಗನನ್ನು ಎಳೆದು ತರ್ಲಿಕ್ಕೆ ಬಂದವ ವಾಚ್‌ಮನ್‌ನನ್ನು ದೂಡಿ ಓಡಿ, ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಊರಿ ನಿಂತ.

"ಒಳಗೇ ಬಿದ್ದಿರು, ಬೇವರ್ಸಿ. ನಿನ್ನ ಅಮ್ಮ ಊಟ ಮಾಡ್ತಿದ್ದಾಳೆ."

ಈ ಬೈಗುಳ ಮಾತ್ರ ಮಂಗಳಕ್ಕೆ ಕೂಡಲೇ ಮುಟ್ಟಿತು. ಒಳಗಿಂದ ದೂಡುವುದು ನಿಂತಿತು.